ನೆಟ್ ಹೋಗಿದೆ ಅಂದ್ರೆ, ಎಲ್ಲಿ ಹೋಗಿದೆ?

ಜುಲೈ ತಿಂಗಳಲ್ಲಿ ದಾಂಡೇಲಿಯ ಬಂಗೂರನಗರದಲ್ಲಿ ಕರೆಂಟ್ ಒಂದು ನಿಮಿಷ ಹೋಗಿ ಬರೋದು ದೊಡ್ಡ ಸುದ್ದಿ ಅಲ್ಲ. ಹತ್ತಿರದ ಅಂಬಿಕಾನಗರದ ನಾಗಝರಿಯಲ್ಲಿ ಕಾಳಿ ನದಿಯ ನೀರಿಂದಲೇ ಕರೆಂಟ್ ತಯಾರಾಗ್ತದೆ. ಆದ್ರೆ ಮನೆವರೆಗೆ ಬರೋ ತಂತಿ ಮರಗಳ ಮಧ್ಯದಿಂದಲೇ ಬರಬೇಕಲ್ಲ! ಕರೆಂಟ್ ವಾಪಸ್ ಬಂದ ಮೇಲೆ ಫ್ಯಾನ್ ತಿರುಗ್ತದೆ, ಫ್ರಿಜ್ ಶುರುವಾಗ್ತದೆ, ಟಿವಿ ಬರ್ತದೆ. ನೆಟ್ ಮಾತ್ರ ಬರೋದಿಲ್ಲ. ಆಗ ಹಾಸ್ಟೆಲಿನಲ್ಲಿರೋ ನಮಗೆ ಫೋನ್ ಬರ್ತದೆ: “ನೆಟ್ ಬರಾಕತ್ತಿಲ್ಲ ನೋಡು. ಇಂಜಿನಿಯರಿಂಗ್ ಓದಾಕತ್ತಿಯಲ್ಲ, ಏನ್ ಮಾಡ್ಬೇಕು ಹೇಳು.”

ನಾವು ಸಿವಿಲ್ ಇರ್ಲಿ, ಮೆಕ್ಯಾನಿಕಲ್ ಇರ್ಲಿ, ಮನೆಯವರ ಲೆಕ್ಕದಲ್ಲಿ ಎಲ್ಲಾ ಇಂಜಿನಿಯರಿಂಗೂ ಒಂದೇ. ಉತ್ತರ ಹೇಳಲೇಬೇಕು. ನಾವು ಹೇಳೋ ಉತ್ತರವೂ ಎಲ್ಲರದ್ದೂ ಒಂದೇ: “ಆಫ್ ಮಾಡಿ ಆನ್ ಮಾಡಿ.” ಅದರಿಂದ ಸರಿ ಹೋಗದಿದ್ರೆ ಹಿಂದೆ ಇರೋ ಸಣ್ಣ ತೂತಿಗೆ ಪಿನ್ ಚುಚ್ಚೋದು. ಅದೂ ಆಗದಿದ್ರೆ ‘ರೂಟರ್ ಹಾಳಾಗಿದೆ’ ಅಂತ ತೀರ್ಪು ಕೊಟ್ಟು ಹೊಸದು ತರಿಸೋದು. ಎಷ್ಟೋ ಸಲ ಹೊಸ ರೂಟರ್ ಹಾಕಿದ ಮೇಲೂ ನೆಟ್ ಬರೋದಿಲ್ಲ, ಯಾಕಂದ್ರೆ ತೊಂದರೆ ರೂಟರಿನಲ್ಲಿ ಇರಲೇ ಇಲ್ಲ.

ಈ ಲೇಖನದಲ್ಲಿ ಹೇಳೋದು ಒಂದೇ ವಿಷಯ. ರಿಪೇರಿ ಮಾಡೋದಕ್ಕಿಂತ ಮೊದಲು ನೆಟ್ ‘ಎಲ್ಲಿ’ ನಿಂತಿದೆ ಅಂತ ಕಂಡುಹಿಡಿಯಿರಿ. ಇದಕ್ಕೆ ಕಂಪ್ಯೂಟರ್ ಸೈನ್ಸ್ ಬೇಕಿಲ್ಲ, ಹತ್ತು ನಿಮಿಷ ಸಾಕು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಇವತ್ತೇ ವಿಟಿಯು ಫಾರ್ಮ್ ತುಂಬಲು ಅಥವಾ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೊನೇ ದಿನ ಆಗಿದ್ರೆ ರೂಟರ್ ಮುಟ್ಟಬೇಡಿ. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಆ ಕೆಲಸ ಮುಗಿಸಿ. ತನಿಖೆ ಆಮೇಲೆ.

ದಾರಿ ಗೊತ್ತಿರಲಿ

ಅಡುಗೆಮನೆ ನಲ್ಲಿಯಲ್ಲಿ ನೀರು ಬರದಿದ್ರೆ ಯಾರೂ ಹೋಗಿ ರಸ್ತೆ ಅಗೆಯೋದಿಲ್ಲ. ಮೊದಲು ಬಚ್ಚಲುಮನೆ ನಲ್ಲಿ ತಿರುಗಿಸಿ ನೋಡ್ತೀವಿ. ಅಲ್ಲಿ ಬಂದ್ರೆ ತೊಂದರೆ ಅಡುಗೆಮನೆ ನಲ್ಲಿಯದ್ದು. ಅಲ್ಲೂ ಇಲ್ಲ ಅಂದ್ರೆ ಟ್ಯಾಂಕ್ ನೋಡ್ತೀವಿ. ಟ್ಯಾಂಕೂ ಖಾಲಿ ಇದ್ರೆ ಪಕ್ಕದ ಮನೆಯವರನ್ನ ಕೇಳ್ತೀವಿ. ಇಂಟರ್ನೆಟ್ ವಿಷಯದಲ್ಲೂ ಮಾಡಬೇಕಾದದ್ದು ಇಷ್ಟೇ.

ಈಗ ಹೆಚ್ಚಿನ ಮನೆಗಳಿಗೆ ಬರೋದು ಫೈಬರ್ ಕನೆಕ್ಷನ್. ದಾರಿ ಹೀಗಿರ್ತದೆ: ನಿಮ್ಮ ಮೊಬೈಲ್ ಅಥವಾ ಲ್ಯಾಪ್‌ಟಾಪ್, ವೈಫೈ, ರೂಟರ್, ಒಎನ್‌ಟಿ, ಹೊರಗಿನ ಫೈಬರ್, ಎಕ್ಸ್‌ಚೇಂಜಿನಲ್ಲಿರೋ ಒಎಲ್‌ಟಿ, ಆಮೇಲೆ ಹೊರಗಿನ ಜಗತ್ತು. ಒಎನ್‌ಟಿ ಅಂದ್ರೆ ಫೈಬರಿನ ಬೆಳಕನ್ನ ಎಲೆಕ್ಟ್ರಿಕಲ್ ಸಿಗ್ನಲ್ ಮಾಡೋ ಡಬ್ಬಿ. ಬಹಳ ಮನೆಗಳಲ್ಲಿ ಒಎನ್‌ಟಿ ಮತ್ತು ರೂಟರ್ ಎರಡೂ ಒಂದೇ ಡಬ್ಬಿಯೊಳಗೆ ಇರ್ತವೆ. ನಾವು ಅದನ್ನೇ ‘ವೈಫೈ’ ಅಂತ ಕರೀತೀವಿ.

ಇಲ್ಲೊಂದು ಸ್ವಾರಸ್ಯ ಇದೆ. ಬಂಗೂರನಗರಕ್ಕೆ ಹೆಸರು ಬಂದದ್ದೇ ಪೇಪರ್ ಮಿಲ್ಲಿನಿಂದ, 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಅದೇ ಕಂಪನಿಯ ಇನ್ನೊಂದು ವಿಭಾಗ ವೆಸ್ಟ್ ಕೋಸ್ಟ್ ಆಪ್ಟಿಲಿಂಕ್ಸ್, ಮೈಸೂರಿನಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ತಯಾರಿಸ್ತದೆ. ದಾಂಡೇಲಿಯವರಿಗೆ ಮಿಲ್ ಅಂದ್ರೆ ಕಾಗದ ಮಾತ್ರ ನೆನಪಾಗ್ತದೆ, ಫೈಬರ್ ಕೂಡ ಅದರ ವ್ಯಾಪಾರ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೊದಲ ಮೂರು ಪ್ರಶ್ನೆ

ಯಾವ ಬಟನ್ನೂ ಒತ್ತೋ ಮೊದಲು ಇವನ್ನ ಕೇಳಿ.

1. ಒಂದು ಮೊಬೈಲಿಗೆ ಮಾತ್ರ ನೆಟ್ ಇಲ್ವಾ, ಮನೆಯಲ್ಲಿ ಎಲ್ಲದಕ್ಕೂ ಇಲ್ವಾ? ಒಂದಕ್ಕೆ ಮಾತ್ರ ಅಂದ್ರೆ ತೊಂದರೆ ಆ ಮೊಬೈಲಿನಲ್ಲಿ. ರೂಟರ್ ಪಾಪ ನಿರಪರಾಧಿ.

2. ಒಂದು ವೆಬ್‌ಸೈಟ್ ಮಾತ್ರ ಬರ್ತಿಲ್ವಾ, ಎಲ್ಲವೂ ಬರ್ತಿಲ್ವಾ? ರಿಸಲ್ಟ್ ದಿನ ಯೂಟ್ಯೂಬ್ ಓಡ್ತಾ ಇದ್ದು ರಿಸಲ್ಟ್ ಪೇಜ್ ಮಾತ್ರ ತೆರೀತಿಲ್ಲ ಅಂದ್ರೆ ಆ ಸರ್ವರ್ ಮೇಲೆ ಸಾವಿರಾರು ಜನ ಒಟ್ಟಿಗೆ ಬಿದ್ದಿದ್ದಾರೆ ಅಂತ ಅರ್ಥ.

3. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ನೆಟ್ ಇದ್ರೆ, ಅವರಿಗೆ ಬರ್ತಿದೆಯಾ? ಅವರಿಗೂ ಇಲ್ಲ ಅಂದ್ರೆ ನಿಮ್ಮ ಮನೆಯೊಳಗೆ ಹುಡುಕಿ ಪ್ರಯೋಜನ ಇಲ್ಲ.

ಈ ಪರೀಕ್ಷೆ ಮಾಡುವಾಗ ಮೊಬೈಲಿನ ಡೇಟಾ ಆಫ್ ಇರಬೇಕು. ಇಲ್ಲದಿದ್ರೆ ವೈಫೈಯಲ್ಲಿ ನೆಟ್ ಇಲ್ಲದಾಗ ಫೋನ್ ಸದ್ದಿಲ್ಲದೆ ಸಿಮ್ ಡೇಟಾಕ್ಕೆ ಹೋಗಿಬಿಡ್ತದೆ. ಆಗ “ಅಪ್ಪನ ಫೋನಲ್ಲಿ ಬರ್ತದೆ, ನನ್ನದರಲ್ಲಿ ಬರೋದಿಲ್ಲ” ಅನ್ನೋ ಸುಳ್ಳು ಸಾಕ್ಷಿ ಸಿಗ್ತದೆ.

ದೀಪಗಳ ಭಾಷೆ

ಒಎನ್‌ಟಿ ಮೇಲಿನ ದೀಪಗಳನ್ನ ನಾವು ನೋಡೋದೇ ಇಲ್ಲ. ಆದ್ರೆ ಅರ್ಧ ಉತ್ತರ ಅಲ್ಲೇ ಬರೆದಿರ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರಬಹುದು, ಸಾಮಾನ್ಯವಾಗಿ ಹೀಗಿರ್ತದೆ.

ಪವರ್: ಹತ್ತಿರಲೇಬೇಕು. ಹತ್ತಿಲ್ಲ ಅಂದ್ರೆ ಮೊದಲು ಸ್ವಿಚ್ಚು, ಆಮೇಲೆ ಅಡಾಪ್ಟರ್ ನೋಡಿ. ಪದೇಪದೇ ಹೋಗಿ ಬಂದು ಡಬ್ಬಿ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಕರೆಂಟ್ ಏರುಪೇರಾದಾಗ ಪೆಟ್ಟು ಮೊದಲು ಬೀಳೋದು ಅಡಾಪ್ಟರಿಗೆ. ಹೊಸದು ತರುವಾಗ ವೋಲ್ಟೇಜ್ ಹಳೇದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್-ಮೈನಸ್ ಸರಿಹೋಗಬೇಕು.

ಪಿಒಎನ್: ಹಸಿರಾಗಿ ಅಲ್ಲಾಡದೆ ಹತ್ತಿದ್ರೆ ನಿಮ್ಮ ಡಬ್ಬಿಗೂ ಎಕ್ಸ್‌ಚೇಂಜಿಗೂ ಮಾತುಕತೆ ಸರಿ ಇದೆ. ಮಿಣುಕ್ತಾನೇ ಇದ್ರೆ ಮಾತುಕತೆ ಇನ್ನೂ ಕೂಡಿಬಂದಿಲ್ಲ.

ಎಲ್‌ಒಎಸ್: ಇದು ಕೆಂಪಾಗಿ ಹತ್ತಿದ್ರೆ ಅಥವಾ ಮಿಣುಕಿದ್ರೆ ಫೈಬರಿನಲ್ಲಿ ಬೆಳಕೇ ಬರ್ತಿಲ್ಲ, ಅಥವಾ ಸಾಲುವಷ್ಟು ಬರ್ತಿಲ್ಲ. ರೂಟರಿನ ಸೆಟ್ಟಿಂಗ್ ಎಷ್ಟು ತಿರುವಿದ್ರೂ ಬೆಳಕು ಬರೋದಿಲ್ಲ.

ಇಂಟರ್ನೆಟ್: ಪಿಒಎನ್ ಸರಿ ಇದ್ದು ಇದು ಮಾತ್ರ ಹತ್ತಿಲ್ಲ ಅಂದ್ರೆ ಲಾಗಿನ್ ಆಗಿಲ್ಲ. ಯೂಸರ್‌ನೇಮ್-ಪಾಸ್‌ವರ್ಡ್ ತಪ್ಪಾಗಿರಬಹುದು, ಅಥವಾ ಬಿಲ್ ಕಟ್ಟಿರಲಿಕ್ಕಿಲ್ಲ. ನಗಬೇಡಿ, ಎರಡನೇದನ್ನ ಮೊದಲು ನೋಡಿ.

ವೈಫೈ ಅಥವಾ ಡಬ್ಲ್ಯುಲ್ಯಾನ್: ಹತ್ತಿಲ್ಲ ಅಂದ್ರೆ ಯಾರೋ ಡಬ್ಬಿಯ ಪಕ್ಕದ ವೈಫೈ ಬಟನ್ ಒತ್ತಿದ್ದಾರೆ. ಧೂಳು ಒರೆಸುವಾಗ ಇದು ಆಗೋದು ಹೆಚ್ಚು.

ಮಳೆ ಬಂದಾಗಲೇ ಯಾಕೆ ಹೋಗ್ತದೆ?

ನಮ್ಮ ಕಡೆಯ ಪ್ರಶ್ನೆ ಇದು. ಕೂದಲಿನಷ್ಟು ತೆಳು ಗಾಜಿನ ಎಳೆಯೊಳಗೆ ಬೆಳಕು ಹೋಗ್ತದೆ, ಮಳೆಗೂ ಅದಕ್ಕೂ ಏನು ಸಂಬಂಧ? ಇದನ್ನ ತಿಳಿಯೋಕೆ ಸ್ವಲ್ಪ ಲೆಕ್ಕ ಮಾಡೋಣ, ಹೇಗೂ ಡೆಸಿಬೆಲ್ ನಮಗೆ ಹೊಸದಲ್ಲ.

ಮನೆಗಳಿಗೆ ಬರೋ ಫೈಬರಿನಲ್ಲಿ ಹೆಚ್ಚಾಗಿ ಇರೋದು ಜಿಪಾನ್ ತಂತ್ರ. ಎಕ್ಸ್‌ಚೇಂಜಿನಿಂದ ಒಂದು ಫೈಬರ್ ಹೊರಟು ದಾರಿಯಲ್ಲಿ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಿಹೋಗ್ತದೆ. ಬೆಳಕನ್ನ 64 ಪಾಲು ಮಾಡಿದ್ರೆ ಲೆಕ್ಕದ ಪ್ರಕಾರವೇ 18 ಡಿಬಿ ಹೋಯ್ತು, ನಿಜದ ಸ್ಪ್ಲಿಟರಿನಲ್ಲಿ ಇನ್ನೂ ಎರಡು-ಮೂರು ಹೆಚ್ಚು ಹೋಗ್ತದೆ. ಉದಾಹರಣೆಗೆ ಎಕ್ಸ್‌ಚೇಂಜಿನಿಂದ +3 ಡಿಬಿಎಂ ಹೊರಟಿದೆ ಅಂದುಕೊಳ್ಳಿ. ಸ್ಪ್ಲಿಟರಿಗೆ 21 ಕಳೆಯಿರಿ. 5 ಕಿ.ಮೀ. ಫೈಬರಿಗೆ 2 ಕಳೆಯಿರಿ. ಜಾಯಿಂಟು, ಕನೆಕ್ಟರ್‌ಗಳಿಗೆ 1 ಕಳೆಯಿರಿ. ಮನೆಗೆ ಬಂದದ್ದು −21 ಡಿಬಿಎಂ. ಸಾಮಾನ್ಯ ಒಎನ್‌ಟಿ −8ರಿಂದ −27 ಡಿಬಿಎಂ ವರೆಗಿನ ಬೆಳಕನ್ನ ಓದಬಲ್ಲದು. ಅಂದ್ರೆ ಕೈಯಲ್ಲಿ ಉಳಿದಿರೋ ಉಳಿತಾಯ ಬರೀ 6 ಡಿಬಿ.

ಈಗ ಆ ಮನೆಯಲ್ಲಿ ಫೈಬರ್ ಕಿಟಕಿ ಮೂಲೆಯಲ್ಲಿ ತೀರಾ ಮಡಚಿದೆ. ಅದು 4 ಡಿಬಿ ತಿಂತು. ಬೇಸಿಗೆಯಲ್ಲಿ −25, ನೆಟ್ ಆರಾಮಾಗಿ ಓಡ್ತದೆ, ಯಾರಿಗೂ ಗೊತ್ತೇ ಆಗೋದಿಲ್ಲ. ಮಳೆಗಾಲದಲ್ಲಿ ಹೊರಗೆ ಕೊಂಬೆ ಬಿದ್ದು ಕೇಬಲ್ ಎಳೆದಿದೆ, ಅಥವಾ ಜಾಯಿಂಟ್ ಬಾಕ್ಸಿನೊಳಗೆ ನೀರು ಸೇರಿದೆ. ಇನ್ನೊಂದು 3 ಡಿಬಿ ಹೋಯ್ತು. ಈಗ −28. ಎಲ್‌ಒಎಸ್ ಕೆಂಪು! ಪಕ್ಕದ ಮನೆಯವರಿಗೆ ಮಡಿಕೆ ಇಲ್ಲ, ಅವರು −24ರಲ್ಲಿ ಇದ್ದಾರೆ, ಅವರ ನೆಟ್ ಓಡ್ತಾನೇ ಇದೆ. “ಅವರಿಗೆ ಬರ್ತದೆ, ನಮಗೆ ಮಾತ್ರ ಯಾಕಿಲ್ಲ” ಅನ್ನೋ ಪ್ರಶ್ನೆಗೆ ಬಹಳ ಸಲ ಇದೇ ಉತ್ತರ. ತಪ್ಪು ಎರಡು ಕಡೆ ಇದೆ. ಒಂದನ್ನ ನೀವು ಸರಿಮಾಡಬಹುದು, ಇನ್ನೊಂದನ್ನ ಲೈನ್‌ಮನ್ ಮಾತ್ರ ಸರಿಮಾಡಬಹುದು.

ನಿಮ್ಮ ಪಾಲಿನ ಕೆಲಸ ಇಷ್ಟು: ಗೋಡೆಯಿಂದ ಡಬ್ಬಿಗೆ ಬರೋ ತೆಳು ಕೇಬಲ್ ಎಲ್ಲೂ ಮಡಚದ ಹಾಗೆ, ಕಪಾಟಿನ ಹಿಂದೆ ಸಿಕ್ಕಿಕೊಳ್ಳದ ಹಾಗೆ, ಅಗಲವಾದ ಸುರುಳಿ ಮಾಡಿ ಇಡಿ. ಮೊಳೆಗೆ ಬಿಗಿದು ಕಟ್ಟಬೇಡಿ. ಕನೆಕ್ಟರ್ ತೆಗೆದು ಅದರೊಳಗೆ ಕಣ್ಣಿಟ್ಟು ನೋಡಲೇಬೇಡಿ. ಅಲ್ಲಿ ಬರೋ ಲೇಸರ್ ಕಣ್ಣಿಗೆ ಕಾಣೋದಿಲ್ಲ, ಕಾಣದ ಬೆಳಕೂ ಕಣ್ಣಿಗೆ ಅಪಾಯ. ಬೆರಳಿಂದ ತುದಿ ಒರೆಸಲೂಬೇಡಿ. ಬೆಳಕು ಹಾದುಹೋಗೋ ಭಾಗ ಸುಮಾರು 9 ಮೈಕ್ರೋಮೀಟರ್ ಅಷ್ಟೇ, ಬೆರಳಿನ ಎಣ್ಣೆಯ ಕಲೆಯೇ ಅದಕ್ಕೆ ದೊಡ್ಡ ಅಡ್ಡಿ.

ಎಷ್ಟು ಬೆಳಕು ಬರ್ತಿದೆ ಅಂತ ನೋಡೋದು ಹೇಗೆ? ಬಹಳಷ್ಟು ಒಎನ್‌ಟಿಗಳ ಒಳಗಿನ ಪೇಜಿನಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಅಂತ ಒಂದು ಸಾಲು ಇರ್ತದೆ. ನೆಟ್ ಚೆನ್ನಾಗಿರೋ ದಿನ ಅದರ ಫೋಟೋ ತೆಗೆದಿಡಿ. ತೊಂದರೆ ಬಂದ ದಿನ ಹೋಲಿಸಿ.

ಇನ್ವರ್ಟರ್ ಇದ್ರೂ ನೆಟ್ ಹೋಗ್ತದಲ್ಲ?

ಜಿಪಾನಿನ ಸ್ಪ್ಲಿಟರಿಗೆ ಕರೆಂಟ್ ಬೇಡ. ಎರಡು ತುದಿಗೆ, ಅಂದ್ರೆ ಎಕ್ಸ್‌ಚೇಂಜಿಗೆ ಮತ್ತು ನಿಮ್ಮ ಡಬ್ಬಿಗೆ ಇದ್ರೆ ಸಾಕು. ಹಾಗಾಗಿ ಊರೆಲ್ಲಾ ಕತ್ತಲಾದ್ರೂ ಒಎನ್‌ಟಿಗೆ ಇನ್ವರ್ಟರ್ ಅಥವಾ 12 ವೋಲ್ಟಿನ ಮಿನಿ ಯುಪಿಎಸ್ ಇದ್ರೆ ನೆಟ್ ಓಡಬೇಕು. ಆದ್ರೆ ಕೆಲವು ಲೋಕಲ್ ಆಪರೇಟರ್‌ಗಳ ಕನೆಕ್ಷನ್ ಹಾಗಿರೋದಿಲ್ಲ. ಹತ್ತಿರದ ಕಂಬದಲ್ಲೋ ಯಾವುದೋ ಕಟ್ಟಡದಲ್ಲೋ ಒಂದು ಸ್ವಿಚ್ ಇಟ್ಟು ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಎಳೆದಿರ್ತಾರೆ. ಆ ಸ್ವಿಚ್ಚಿಗೆ ಕರೆಂಟ್ ಹೋದ್ರೆ ನಿಮ್ಮ ಇನ್ವರ್ಟರ್ ಏನೂ ಮಾಡೋ ಹಾಗಿಲ್ಲ. ಮನೆಗೆ ಬಂದಿರೋದು ಫೈಬರೋ ಲ್ಯಾನ್ ಕೇಬಲ್ಲೋ ಅಂತ ನೋಡಿದ್ರೆ ಇದು ಗೊತ್ತಾಗ್ತದೆ.

ಗುಡುಗು ಸಿಡಿಲು ಇದ್ದಾಗ ಅಡಾಪ್ಟರನ್ನ ಪ್ಲಗ್ಗಿನಿಂದಲೇ ತೆಗೆಯಿರಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯೋದಿಲ್ಲ, ಆದ್ರೆ ಕರೆಂಟ್ ತಂತಿಯಲ್ಲಿ ಮತ್ತು ತಾಮ್ರದ ಲ್ಯಾನ್ ಕೇಬಲಿನಲ್ಲಿ ಹರೀತದೆ.

ಮೆಟ್ಟಿಲು ಮೆಟ್ಟಿಲಾಗಿ ಪಿಂಗ್

ದೀಪ ಎಲ್ಲಾ ಸರಿ ಇವೆ, ಆದ್ರೂ ನೆಟ್ ಇಲ್ಲ. ಈಗ ಲ್ಯಾಪ್‌ಟಾಪ್ ತೆಗೆಯಿರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ಐಪಿಕಾನ್ಫಿಗ್’ ಕೊಡಿ. ಎರಡು ಸಾಲು ನೋಡಿದ್ರೆ ಸಾಕು: ನಿಮ್ಮ ಐಪಿ ವಿಳಾಸ ಮತ್ತು ಡಿಫಾಲ್ಟ್ ಗೇಟ್‌ವೇ.

ಐಪಿ 192.168 ಅಂತ ಶುರುವಾಗಿದ್ರೆ ಸಾಮಾನ್ಯವಾಗಿ ಸರಿ, ರೂಟರ್ ನಿಮಗೆ ವಿಳಾಸ ಕೊಟ್ಟಿದೆ. 169.254 ಅಂತ ಶುರುವಾಗಿದ್ರೆ ರೂಟರಿನಿಂದ ವಿಳಾಸ ಬಂದಿಲ್ಲ, ಲ್ಯಾಪ್‌ಟಾಪ್ ಕಾದು ಕಾದು ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆಗ ವೈಫೈ ಬಿಟ್ಟು ಮತ್ತೆ ಸೇರಿ, ಆಗದಿದ್ರೆ ರೂಟರ್ ರೀಸ್ಟಾರ್ಟ್ ಮಾಡಿ.

ಆಮೇಲೆ ಮೂರು ಮೆಟ್ಟಿಲು:

1. ಗೇಟ್‌ವೇಯನ್ನ ಪಿಂಗ್ ಮಾಡಿ, ಹೆಚ್ಚಾಗಿ ಅದು 192.168.1.1. ಉತ್ತರ ಬರದಿದ್ರೆ ತೊಂದರೆ ನಿಮಗೂ ರೂಟರಿಗೂ ಮಧ್ಯೆ, ಅಂದ್ರೆ ವೈಫೈ ಅಥವಾ ಕೇಬಲ್.

2. 8.8.8.8 ಪಿಂಗ್ ಮಾಡಿ. ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್. ರೂಟರ್ ಉತ್ತರ ಕೊಟ್ಟು ಇದು ಕೊಡದಿದ್ರೆ ತೊಂದರೆ ರೂಟರಿನಿಂದ ಆಚೆ: ಲಾಗಿನ್, ಲೈನ್ ಅಥವಾ ಕಂಪನಿ.

3. ಯಾವುದಾದರೂ ವೆಬ್‌ಸೈಟಿನ ಹೆಸರನ್ನ ಪಿಂಗ್ ಮಾಡಿ. 8.8.8.8 ಉತ್ತರ ಕೊಡ್ತದೆ, ಹೆಸರು ಹಾಕಿದ್ರೆ ‘ಹೋಸ್ಟ್ ಸಿಗ್ತಿಲ್ಲ’ ಅನ್ನೋ ಸಂದೇಶ ಬರ್ತದೆ ಅಂದ್ರೆ ತೊಂದರೆ ಡಿಎನ್‌ಎಸ್‌ನದ್ದು. ಹೆಸರನ್ನ ವಿಳಾಸ ಮಾಡಿಕೊಡೋ ಫೋನ್‌ಬುಕ್ ಕಳೆದುಹೋಗಿದೆ, ಫೋನ್ ಲೈನ್ ಸರಿ ಇದೆ. ಲ್ಯಾಪ್‌ಟಾಪಿನಲ್ಲಿ ಅಥವಾ ರೂಟರಿನಲ್ಲಿ ಡಿಎನ್‌ಎಸ್ ಆಗಿ 8.8.8.8 ಅಥವಾ 1.1.1.1 ಹಾಕಿ ನೋಡಿ.

ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಬರೀ ಮೊಬೈಲ್ ಇದೆ ಅಂದ್ರೆ ಮೊದಲ ಮೆಟ್ಟಿಲನ್ನ ಹೀಗೂ ಹತ್ತಬಹುದು. ಮೊಬೈಲ್ ಬ್ರೌಸರಿನಲ್ಲಿ 192.168.1.1 ಅಂತ ಹಾಕೋಕೆ ಹೇಳಿ. ರೂಟರಿನ ಲಾಗಿನ್ ಪೇಜ್ ಕಂಡರೆ ವೈಫೈ ಸರಿ ಇದೆ ಅಂತ ಗೊತ್ತಾಯ್ತು.

ಇಡೀ ಮಾತುಕತೆ ಫೋನಿನಲ್ಲಿ ಹೀಗಿರಬಹುದು.

“ಅವ್ವ, ಡಬ್ಬಿ ಮ್ಯಾಲೆ ಕೆಂಪು ದೀಪ ಏನರ ಹತ್ತೇತೇನ?”
“ಇಲ್ಲಪಾ, ಎಲ್ಲಾ ಹಸರ ಅದಾವು. ಒಂದು ಮಾತ್ರ ಹತ್ತಿಲ್ಲ.”
“ಅದರ ಕೆಳಗ ಏನ್ ಬರದೇತಿ?”
“ಇಂಟರ್ನೆಟ್ ಅಂತ ಬರದೇತಿ.”
“ಹಂಗಾರ ಲೈನ್ ಸರಿ ಐತಿ. ಅಪ್ಪಾಗ ಕೇಳು, ಈ ತಿಂಗಳ ಬಿಲ್ ಕಟ್ಯಾರೇನ?”
“ತಡಿ, ಕೇಳ್ತೀನಿ… ಇಲ್ಲಂತ, ಮರತಾರಂತ.”

ಒಂದು ನಿಮಿಷದ ಮಾತು. ರೂಟರ್ ಕಿತ್ತಿಲ್ಲ, ಯಾರನ್ನೂ ಬೈದಿಲ್ಲ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ

ರೀಸ್ಟಾರ್ಟ್ ಅಂದ್ರೆ ಸ್ವಿಚ್ ಆಫ್ ಮಾಡಿ ಆನ್ ಮಾಡೋದು. ಇದರಿಂದ ಏನೂ ಕಳೆದುಹೋಗೋದಿಲ್ಲ. ತುಂಬಿಹೋದ ಮೆಮೊರಿ, ಅರ್ಧಕ್ಕೆ ನಿಂತ ಲಾಗಿನ್ ಇಂಥವು ಸರಿಯಾಗ್ತವೆ. ಒಎನ್‌ಟಿ ಮತ್ತು ರೂಟರ್ ಬೇರೆ ಬೇರೆ ಇದ್ರೆ ಎರಡನ್ನೂ ಆಫ್ ಮಾಡಿ, ಮೊದಲು ಒಎನ್‌ಟಿ ಆನ್ ಮಾಡಿ, ಪಿಒಎನ್ ದೀಪ ನಿಂತ ಮೇಲೆ ರೂಟರ್ ಆನ್ ಮಾಡಿ.

ರೀಸೆಟ್ ಅಂದ್ರೆ ಪಿನ್ ಚುಚ್ಚೋದು. ಅದು ಡಬ್ಬಿಯನ್ನ ಫ್ಯಾಕ್ಟರಿಯಿಂದ ಬಂದ ದಿನದ ಸ್ಥಿತಿಗೆ ಒಯ್ತದೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಹೋಗ್ತದೆ. ಅದಕ್ಕಿಂತ ಮುಖ್ಯವಾಗಿ, ಬಹಳ ಕನೆಕ್ಷನ್‌ಗಳು ಪಿಪಿಪಿಒಇ ಅನ್ನೋ ವಿಧಾನದಲ್ಲಿ ಲಾಗಿನ್ ಆಗ್ತವೆ. ಕನೆಕ್ಷನ್ ಕೊಟ್ಟ ದಿನ ಹುಡುಗ ಬಂದು ಹಾಕಿಹೋದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಕೂಡ ಅಳಿಸಿಹೋಗ್ತವೆ. ಒಂದು ತಾಸಿನಲ್ಲಿ ತಾನಾಗೇ ಬರ್ತಿದ್ದ ನೆಟ್ ಈಗ ಅವನು ಮತ್ತೆ ಬರೋವರೆಗೂ ಬರೋದಿಲ್ಲ. ಆ ವಿವರ ನಿಮ್ಮ ಕೈಯಲ್ಲಿ ಬರೆದಿಟ್ಟಿಲ್ಲ ಅಂದ್ರೆ ಪಿನ್ ಹತ್ತಿರವೂ ಹೋಗಬೇಡಿ.

ಇನ್ನೊಂದು ನಿಯಮ ನಮ್ಮ ಲ್ಯಾಬಿನದ್ದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಡಿಎನ್‌ಎಸ್, ಚಾನೆಲ್, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಯಾದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ. ಕೆಟ್ಟುಹೋದ್ರಂತೂ ಮುಗೀತು.

ವೈಫೈ ಫುಲ್, ಸ್ಪೀಡ್ ಇಲ್ಲ

ಇದನ್ನ ಪರೀಕ್ಷಿಸೋ ವಿಧಾನ ಒಂದೇ. ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ನೋಡಿ. ಕೇಬಲಿನಲ್ಲಿ ಪೂರ್ತಿ ಬಂದು ವೈಫೈಯಲ್ಲಿ ಬರದಿದ್ರೆ ಲೈನಿನವರನ್ನ ದೂರಿ ಪ್ರಯೋಜನ ಇಲ್ಲ.

5 ಗಿಗಾಹರ್ಟ್ಸ್ ವೈಫೈ ವೇಗ ಹೆಚ್ಚು, ಆದ್ರೆ ಗೋಡೆ ದಾಟೋದರಲ್ಲಿ ಸೋಲ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗ್ತದೆ, ಆದ್ರೆ ಅಲ್ಲಿ ಅಕ್ಕಪಕ್ಕದವರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಎಲ್ಲಾ ಗದ್ದಲ ಮಾಡ್ತವೆ. ಮನೆಗಳು ಒತ್ತೊತ್ತಾಗಿ ಇರೋ ಕಡೆ 2.4ರಲ್ಲಿ ಚಾನೆಲ್ 1, 6 ಅಥವಾ 11 ಇದರಲ್ಲಿ ಖಾಲಿ ಇರೋದನ್ನ ಆರಿಸಿ, ಈ ಮೂರು ಒಂದರ ಮೇಲೊಂದು ಬೀಳೋದಿಲ್ಲ. ಜೋಯಿಡಾ ಕಡೆಯ ಚಿರೆಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಒಂದು ಮೂಲೆಯಲ್ಲಿ ರೂಟರ್ ಇಟ್ಟು ಇನ್ನೊಂದು ಮೂಲೆಯಲ್ಲಿ 5 ಗಿಗಾಹರ್ಟ್ಸ್ ಹುಡುಕಿದ್ರೆ ಸಿಗೋದು ಕಷ್ಟ. ಡಬ್ಬಿಯನ್ನ ಮನೆಯ ಮಧ್ಯದಲ್ಲಿ, ಎತ್ತರದಲ್ಲಿ ಇಡಿ. ಸ್ಟೀಲ್ ಕಪಾಟಿನ ಹಿಂದೆ, ಟಿವಿಯ ಬೆನ್ನಿಗೆ ಇಡಬೇಡಿ.

ದೂರದ ಕೋಣೆಗೆ ಅಂತ ಎರಡನೇ ರೂಟರ್ ತಂದು ಜೋಡಿಸಿದ್ರೆ ಒಂದು ಗಂಟು ಬೀಳ್ತದೆ. ಎರಡೂ ತಮ್ಮ ವಿಳಾಸ 192.168.1.1 ಅಂತಲೇ ಹೇಳಿಕೊಂಡು ಎರಡೂ ಐಪಿ ಹಂಚೋಕೆ ಹೊರಟ್ರೆ ಮನೆಯಲ್ಲಿ ಇಬ್ಬರು ಯಜಮಾನರು ಇದ್ದ ಹಾಗೆ. ಎರಡನೇದನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆ ಮೋಡ್ ಇಲ್ಲದಿದ್ರೆ ಅದರ ವಿಳಾಸವನ್ನ 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಮೊದಲ ರೂಟರಿನಿಂದ ಬರೋ ಕೇಬಲನ್ನ ಲ್ಯಾನ್ ಪೋರ್ಟಿಗೇ ಹಾಕಿ. ಮೊದಲ ರೂಟರ್ ಆ ವಿಳಾಸವನ್ನ ಬೇರೆಯವರಿಗೆ ಹಂಚದ ಹಾಗೆ ಅದರ ಪಟ್ಟಿಯಲ್ಲಿ ಬಿಡಿಸಿಡಿ.

ಫೈರ್‌ವಾಲ್ ಮೇಲೆ ಅನುಮಾನ ಯಾವಾಗ?

ಎಲ್ಲಾ ಬರ್ತದೆ, ಒಂದೇ ಒಂದು ಬರೋದಿಲ್ಲ. ಪಿಂಗ್ ಮೂರೂ ಮೆಟ್ಟಿಲು ಪಾಸ್, ಆದ್ರೆ ಒಂದು ಗೇಮ್, ಒಂದು ಸಾಫ್ಟ್‌ವೇರ್, ಅಥವಾ ಮನೆಯ ಪ್ರಿಂಟರ್ ಮಾತ್ರ ಸಿಗ್ತಿಲ್ಲ. ಆಗ ಫೈರ್‌ವಾಲ್ ನೆನಪಿಸಿಕೊಳ್ಳಿ.

ಫೈರ್‌ವಾಲ್ ಮಾಡೋ ಕೆಲಸ ಸರಳ. ಒಳಗಿನಿಂದ ಯಾರು ಯಾರ ಜೊತೆ ಮಾತು ಶುರುಮಾಡಿದ್ರು ಅಂತ ಒಂದು ಪಟ್ಟಿ ಇಟ್ಟುಕೊಳ್ತದೆ. ಆ ಮಾತಿಗೆ ಉತ್ತರ ಬಂದ್ರೆ ಒಳಗೆ ಬಿಡ್ತದೆ. ಯಾರೂ ಕರೆಯದೆ ಹೊರಗಿನಿಂದ ಬಂದದ್ದನ್ನ ಬಾಗಿಲಲ್ಲೇ ತಡೀತದೆ.

ಯಾವ ಫೈರ್‌ವಾಲ್ ತಡೀತಿದೆ ಅಂತ ತಿಳಿಯೋಕೆ ಲ್ಯಾಪ್‌ಟಾಪನ್ನ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ. ಅಲ್ಲಿ ಓಡಿ ಮನೆ ವೈಫೈಯಲ್ಲಿ ಓಡದಿದ್ರೆ ತಡೆ ಹೆಚ್ಚಾಗಿ ರೂಟರಿನಲ್ಲಿ ಅಥವಾ ಅದರಾಚೆ ಇದೆ: ಪೇರೆಂಟಲ್ ಕಂಟ್ರೋಲ್, ಮ್ಯಾಕ್ ಫಿಲ್ಟರ್ ನೋಡಿ. ಎರಡೂ ಕಡೆ ಓಡದಿದ್ರೆ ಲ್ಯಾಪ್‌ಟಾಪಿನಲ್ಲೇ ಇರಬಹುದು. ವಿಂಡೋಸ್‌ನಲ್ಲಿ ಮನೆ ವೈಫೈ ‘ಪಬ್ಲಿಕ್’ ಅಂತ ಸೇವ್ ಆಗಿದ್ರೆ ಪ್ರಿಂಟರ್, ಫೈಲ್ ಶೇರಿಂಗ್ ತಡೆಯಲ್ಪಡ್ತವೆ, ಅದನ್ನ ‘ಪ್ರೈವೇಟ್’ ಮಾಡಿ. ಫೈರ್‌ವಾಲ್ ಆಫ್ ಮಾಡಿ ನೋಡೋದಾದ್ರೆ ಎರಡು ನಿಮಿಷ ಪರೀಕ್ಷೆಗೆ ಮಾತ್ರ. ಅದೇ ಕಾರಣ ಅಂತ ಗೊತ್ತಾದ ತಕ್ಷಣ ಆನ್ ಮಾಡಿ ಆ ಒಂದು ಪ್ರೋಗ್ರಾಮಿಗೆ ಮಾತ್ರ ಅನುಮತಿ ಕೊಡಿ. ಆಫ್ ಮಾಡಿ ಹಾಗೇ ಬಿಡೋದು ಅಂದ್ರೆ ಕೀಲಿ ಕಳೆದಿದೆ ಅಂತ ಬಾಗಿಲೇ ಕಿತ್ತಿಟ್ಟ ಹಾಗೆ.

ನಮ್ಮಂಥವರಿಗೆ ವಿಶೇಷವಾಗಿ ಬರೋ ಮೂರು ತೊಂದರೆ ಇವೆ.

ಒಂದು, ಹಾಸ್ಟೆಲ್ ನೆಟ್‌ವರ್ಕಿಗಾಗಿ ಹಾಕಿದ ಪ್ರಾಕ್ಸಿ ಅಥವಾ ಕೈಯಾರೆ ಕೊಟ್ಟ ಐಪಿ. ರಜೆಗೆ ಮನೆಗೆ ಹೋದಾಗಲೂ ಲ್ಯಾಪ್‌ಟಾಪ್ ಅದನ್ನೇ ಹಿಡಿದುಕೊಂಡಿರ್ತದೆ. ವೈಫೈ ಸೇರ್ತದೆ, ಎಲ್ಲರ ಫೋನಿಗೂ ನೆಟ್ ಇದೆ, ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ. ಪ್ರಾಕ್ಸಿ ಆಫ್ ಮಾಡಿ, ಐಪಿ ಮತ್ತು ಡಿಎನ್‌ಎಸ್ ಎರಡನ್ನೂ ಆಟೋಮ್ಯಾಟಿಕ್ ಮಾಡಿ.

ಎರಡು, ತಾರೀಕು. ಮನೆಯ ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಇರೋ ನಾಣ್ಯದಂಥ ಬ್ಯಾಟರಿ ಸತ್ತಿದ್ರೆ ಪ್ರತಿ ಸಲ ಕರೆಂಟ್ ಹೋದಾಗ ತಾರೀಕು ಎಷ್ಟೋ ವರ್ಷ ಹಿಂದೆ ಹೋಗ್ತದೆ. ವೆಬ್‌ಸೈಟುಗಳ ಭದ್ರತಾ ಸರ್ಟಿಫಿಕೇಟಿಗೆ ಶುರು ಮತ್ತು ಕೊನೆ ತಾರೀಕು ಇರೋದರಿಂದ ಬ್ರೌಸರ್ ‘ಸುರಕ್ಷಿತವಲ್ಲ’ ಅಂತ ತಡೀತದೆ. ಮನೆಯವರು ಅದನ್ನ ವೈರಸ್ ಅಂದುಕೊಳ್ತಾರೆ. ತಾರೀಕು ಸರಿಮಾಡಿ, ಬ್ಯಾಟರಿ ಬದಲಿಸಿ. ಹೆಚ್ಚಾಗಿ ಸಿಆರ್2032 ಅನ್ನೋ ಸೆಲ್ ಇರ್ತದೆ.

ಮೂರು, ಮನೆಯಲ್ಲಿ ಪ್ರಾಜೆಕ್ಟ್ ಸರ್ವರ್ ಇಟ್ಟು ಹಾಸ್ಟೆಲಿನಿಂದ ನೋಡೋ ಆಸೆ. ಪೋರ್ಟ್ ಫಾರ್ವರ್ಡಿಂಗ್ ಸರಿಯಾಗೇ ಹಾಕಿದ್ರೂ ಸಿಗೋದಿಲ್ಲ. ರೂಟರಿನ ಪೇಜಿನಲ್ಲಿ ವ್ಯಾನ್ ಐಪಿ ನೋಡಿ. 100.64ರಿಂದ 100.127ರ ಮಧ್ಯೆ ಇದ್ರೆ ನಿಮಗೆ ಸಿಕ್ಕಿರೋದು ಸ್ವಂತ ಪಬ್ಲಿಕ್ ವಿಳಾಸ ಅಲ್ಲ. ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ, ಎಲ್ಲರಿಗೂ ಸಾಲೋದಿಲ್ಲ. ಅದಕ್ಕೇ ಕಂಪನಿಗಳು ಒಂದು ವಿಳಾಸವನ್ನ ಹಲವು ಮನೆಗಳಿಗೆ ಹಂಚ್ತವೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಈ ಕೆಲಸಕ್ಕೆ ಅಂತಲೇ ಆ ವಿಳಾಸಗಳನ್ನ 2012ರಲ್ಲಿ ಮೀಸಲಿಟ್ಟರು. ಇದು ನಿಮ್ಮ ರೂಟರಿನ ತಪ್ಪಲ್ಲ. ಐಪಿವಿ6 ಇದ್ರೆ ಅದರಲ್ಲಿ ಪ್ರಯತ್ನಿಸಿ, ಇಲ್ಲದಿದ್ರೆ ಸ್ಟ್ಯಾಟಿಕ್ ಐಪಿ ಕೇಳಿ.

ಕಂಪ್ಲೇಂಟ್ ಕೊಡುವಾಗ

ಈ ಎಲ್ಲಾ ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಲೈನ್ ನೋಡೋದು ಅಂದ್ರೆ ಕಾಡು ದಾರಿಯಲ್ಲಿ, ಮಳೆಯಲ್ಲಿ ಬೈಕ್ ಮೇಲೆ ಓಡಾಡೋದು. “ನೆಟ್ ಇಲ್ಲ, ಬೇಗ ಬನ್ನಿ” ಅಂದ್ರೆ ಆ ಮನುಷ್ಯನಿಗೆ ಏನು ತರಬೇಕು ಅಂತಲೇ ಗೊತ್ತಾಗೋದಿಲ್ಲ. ಫೈಬರ್ ತುಂಡಾಗಿದ್ರೆ ಜೋಡಿಸೋ ಸ್ಪ್ಲೈಸಿಂಗ್ ಮೆಷಿನ್ ಬೇಕು. ಪಾಸ್‌ವರ್ಡ್ ತೊಂದರೆ ಆಗಿದ್ರೆ ಅವರು ಬರೋದೇ ಬೇಡ, ಫೋನಿನಲ್ಲೇ ಸರಿಯಾಗ್ತದೆ. ಅವರು ಒಂದು ಸಲ ಬಂದು ನೋಡಿ, ಮೆಷಿನ್ ತರೋಕೆ ವಾಪಸ್ ಹೋದ್ರೆ ನಿಮ್ಮದು ಒಂದು ದಿನ ಹೋಯ್ತು, ಅವರದ್ದೂ ಹೋಯ್ತು.

ಅದಕ್ಕೆ ಹೀಗೆ ಹೇಳಿ ಅಥವಾ ಮೆಸೇಜ್ ಕಳಿಸಿ:

“ಸರ್, ನಿನ್ನೆ ರಾತ್ರಿ 9:20ರಿಂದ ಎಲ್‌ಒಎಸ್ ಕೆಂಪು ಮಿಣುಕ್ತಿದೆ. ಪಿಒಎನ್ ಹತ್ತಿಲ್ಲ. ಅಡಾಪ್ಟರ್ ಸರಿ ಇದೆ, ಒಳಗಿನ ಕೇಬಲ್ ಮಡಚಿಲ್ಲ, ಒಮ್ಮೆ ರೀಸ್ಟಾರ್ಟ್ ಮಾಡಿದ್ದೇವೆ, ರೀಸೆಟ್ ಮಾಡಿಲ್ಲ. ಪಕ್ಕದ ಮನೆಯಲ್ಲೂ ಇಲ್ಲ. ಮನೆ ಮುಂದಿನ ಮರದ ಕೊಂಬೆ ಕೇಬಲ್ ಮೇಲೆ ಬಿದ್ದಿದೆ.”

ಇದರಲ್ಲಿ ಸಮಯ ಇದೆ, ದೀಪ ಇದೆ, ನೀವು ಏನು ಮಾಡಿದ್ರಿ, ಏನು ಮಾಡಿಲ್ಲ ಅಂತಿದೆ, ಅಕ್ಕಪಕ್ಕದ ಸ್ಥಿತಿ ಇದೆ. ದೀಪದ ಫೋಟೋ ಜೊತೆಗಿದ್ರೆ ಇನ್ನೂ ಒಳ್ಳೇದು. ಕಂಪ್ಲೇಂಟ್ ಆದ ಮೇಲೆ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ಮತ್ತೆ ಫೋನ್ ಮಾಡಿದಾಗ ಮೊದಲಿಂದ ಕಥೆ ಹೇಳೋದು ತಪ್ಪುತ್ತದೆ. ತಂತಿ ಮೇಲೆ ಬಿದ್ದ ಕೊಂಬೆಯನ್ನ ಮಾತ್ರ ನೀವೇ ತೆಗೆಯೋಕೆ ಹೋಗಬೇಡಿ, ಅದೇ ಕಂಬದಲ್ಲಿ ಕರೆಂಟ್ ತಂತಿಯೂ ಇರಬಹುದು.

ಮುಂದಿನ ಸಲ ಊರಿಗೆ ಹೋದಾಗ ಅರ್ಧ ತಾಸು ತೆಗೆದು ಇಷ್ಟು ಮಾಡಿ ಬನ್ನಿ. ನೆಟ್ ಚೆನ್ನಾಗಿದ್ದಾಗ ಡಬ್ಬಿಯ ದೀಪಗಳ ಒಂದು ಫೋಟೋ, ಆರ್‌ಎಕ್ಸ್ ಪವರ್‌ನ ಒಂದು ಫೋಟೋ ತೆಗೆಯಿರಿ. ಲಾಗಿನ್ ವಿವರವನ್ನ ಡೈರಿಯಲ್ಲಿ ಬರೆದಿಡಿ. ಕಂಪ್ಲೇಂಟ್ ನಂಬರನ್ನ, ಯಾವ ದೀಪ ಅಂದ್ರೆ ಏನು ಅನ್ನೋದನ್ನ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಡಬ್ಬಿಯ ಪಕ್ಕದ ಗೋಡೆಗೆ ಅಂಟಿಸಿ. ಇಂಟರ್ನಲ್ಸ್ ನಡೀತಿರುವಾಗ ನಿಮ್ಮ ಫೋನ್ ಸ್ವಿಚ್ ಆಫ್ ಇದ್ರೂ ಮನೆಯವರು ಆ ಚೀಟಿ ನೋಡಿ ತಾವೇ ಕಂಪ್ಲೇಂಟ್ ಕೊಡ್ತಾರೆ.